ಮೊದಲ ಪಾಲು ಪಡೆಯುವ ನೀರಿಗೆ ಮೊದಲು ಲೆಕ್ಕ ಬೇಕು: ಚಿತ್ರದುರ್ಗದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ನಗರಾಭಿವೃದ್ಧಿ ಇಲಾಖೆ, ಕರ್ನಾಟಕ ಸರ್ಕಾರ;
ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ;
ಹಾಗೂ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಎಲ್ಲ ನಗರ ಸ್ಥಳೀಯ ಸಂಸ್ಥೆಗಳ ಚುನಾಯಿತ ಸದಸ್ಯರು ಮತ್ತು ಅಧಿಕಾರಿಗಳು.

ಮಾನ್ಯರೇ,

ಬೇಸಿಗೆ ಹತ್ತಿರವಾದಂತೆ ನಮ್ಮ ಊರುಗಳಲ್ಲಿ ನೀರನ್ನು ಮಿತವಾಗಿ ಬಳಸಿರೆಂಬ ಮನವಿ ನಾಗರಿಕರ ಮುಂದೆ ಬರುತ್ತದೆ. ವಾಹನ ತೊಳೆಯಬೇಡಿ, ಅಂಗಳಕ್ಕೆ ಕುಡಿಯುವ ನೀರು ಸುರಿಯಬೇಡಿ, ನಲ್ಲಿಯನ್ನು ತಿರುವಿ ಬಿಟ್ಟು ಹೋಗಬೇಡಿ ಎನ್ನುವ ಮಾತುಗಳೆಲ್ಲ ಸರಿಯಾದವೇ. ಅವುಗಳನ್ನು ಪಾಲಿಸುವುದು ನಮ್ಮ ಕರ್ತವ್ಯ. ಆದರೆ ನದಿಯಿಂದಲೋ ಜಲಾಶಯದಿಂದಲೋ ಎತ್ತಿದ ನೀರು ಮನೆಯ ನಲ್ಲಿಗೆ ಬರುವ ಮೊದಲು, ಅಂದರೆ ಅದು ಇನ್ನೂ ಸರಬರಾಜು ಸಂಸ್ಥೆಯ ವಶದಲ್ಲಿರುವಾಗಲೇ, ಎಷ್ಟಕ್ಕಿಂತ ಹೆಚ್ಚು ಸೋರಬಾರದು, ಸೋರಿದ್ದರೆ ಅದರ ಲೆಕ್ಕವನ್ನು ಯಾವ ದಿನಾಂಕದೊಳಗೆ ಯಾರ ಮುಂದೆ ಇಡಬೇಕು ಎಂಬುದನ್ನು ಮನವಿಗೆ ಬಿಡಲಾಗದು. ಅದನ್ನು ನಿಯಮವಾಗಿಯೇ ಬರೆದಿಡಬೇಕು. ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಪಟ್ಟಣ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗೆ ಎಲ್ಲ ಸಂಸ್ಥೆಗಳಿಗೆ, ಹಾಗೆಯೇ ರಾಜ್ಯದ ಉಳಿದ ನೀರು ಸರಬರಾಜು ಸಂಸ್ಥೆಗಳಿಗೂ, ಅಂಥದ್ದೊಂದು ಕಡ್ಡಾಯ ನಿಯಮವನ್ನು ತರಬೇಕೆಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಈ ಬೇಡಿಕೆಯ ಹಿಂದಿರುವುದು ನ್ಯಾಯದ ಪ್ರಶ್ನೆ. 2002ರ ರಾಷ್ಟ್ರೀಯ ಜಲನೀತಿ ನೀರಿನ ಹಂಚಿಕೆಯ ಆದ್ಯತೆಯನ್ನು ಹೇಳುವಾಗ ಕುಡಿಯುವ ನೀರನ್ನು ಮೊದಲಿಗೂ ನೀರಾವರಿಯನ್ನು ಅದರ ನಂತರಕ್ಕೂ ಇಟ್ಟಿತು. ಅದೇ ವರ್ಷದ ನಮ್ಮ ರಾಜ್ಯದ ಜಲನೀತಿಯೂ ಹಾಗೆಯೇ ಹೇಳಿತು. ಇದರ ಅರ್ಥವೇನೆಂದು ನಮ್ಮ ಭಾಗದವರಿಗೆ 2023ರ ಬರ ತೋರಿಸಿಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ಆ ವರ್ಷ ಭದ್ರಾ ನಾಲೆಯ ನೀರಿಗಾಗಿ ದಾವಣಗೆರೆ ಭಾಗದ ರೈತರು ಬೀದಿಗಿಳಿದರು. ಸುಮಾರು 71.5 ಟಿಎಂಸಿ ಅಡಿ ಸಾಮರ್ಥ್ಯದ ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬದ ವರ್ಷದಲ್ಲಿ, ಕುಡಿಯುವ ನೀರಿಗೆಂದು ಒಂದು ಪಾಲನ್ನು ತೆಗೆದಿಟ್ಟ ಮೇಲೆಯೇ ನಾಲೆಯ ಮಾತು ಬರುತ್ತದೆ. ಈ ಆದ್ಯತೆ ತಪ್ಪೆಂದು ನಾನು ಹೇಳುತ್ತಿಲ್ಲ. ಮನುಷ್ಯನ ಬಾಯಾರಿಕೆಗಿಂತ ಮೊದಲು ಬರಬೇಕಾದದ್ದು ಬೇರೆ ಯಾವುದೂ ಇಲ್ಲ. ಆದರೆ ನಾಲೆಯ ಕೊನೆಯ ಭಾಗದಲ್ಲಿ ಭತ್ತದ ಗದ್ದೆ ಬಿರುಕು ಬಿಡುವುದನ್ನು ನೋಡುತ್ತ ನಿಂತ ರೈತ ತನ್ನ ಸರದಿಯನ್ನು ಬಿಟ್ಟುಕೊಟ್ಟದ್ದು ನಗರದ ಜನ ಕುಡಿಯಲೆಂದು. ಆ ನೀರು ಬೀದಿಯಡಿಯ ಕೊಳವೆಯ ಸಂದಿನಿಂದ ಸೋರಿ ಚರಂಡಿ ಸೇರಿದರೆ ಅವನಿಗೆ ಉತ್ತರ ಹೇಳಬೇಕಾದವರು ಯಾರು? ಮೊದಲ ಪಾಲು ಪಡೆಯುವವರು ಮೊದಲು ಲೆಕ್ಕ ಕೊಡಬೇಕು. ಈ ಪತ್ರದಲ್ಲಿ ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದ ಹುಟ್ಟಿದ್ದು.

ಚಿತ್ರದುರ್ಗ ನಗರಕ್ಕೆ ನೀರು ಬರುವುದು ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದಿಂದ ಮತ್ತು ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಿಂದ, ಅಂದರೆ ನಮ್ಮ ಸೂಳೆಕೆರೆಯಿಂದ. ಎರಡೂ ದೂರದಲ್ಲಿವೆ, ಎರಡೂ ನಗರಕ್ಕಿಂತ ತಗ್ಗಿನಲ್ಲಿವೆ. ಹಾಗಾಗಿ ಇಲ್ಲಿ ನಾವು ಕುಡಿಯುವ ಆ ನೀರಿನ ಪ್ರತಿಯೊಂದು ಲೋಟವೂ ವಿದ್ಯುತ್ತಿನ ಬಲದಿಂದ ಎತ್ತರಕ್ಕೆ ಏರಿಬಂದದ್ದು. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಮೇಲಕ್ಕೆ ಏರಿಸಲು ಶುದ್ಧ ಭೌತಶಾಸ್ತ್ರದ ಲೆಕ್ಕದಲ್ಲೇ ಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ವಿದ್ಯುತ್ ಬೇಕು. ಪಂಪು ಮತ್ತು ಮೋಟಾರುಗಳ ದಕ್ಷತೆಯನ್ನೂ ಕೊಳವೆಯೊಳಗಿನ ಘರ್ಷಣೆಯನ್ನೂ ಸೇರಿಸಿದರೆ ಅದು ಅರ್ಧ ಯೂನಿಟ್‌ಗೆ ಹತ್ತಿರವಾಗುತ್ತದೆ. ಹೀಗೆ ಏರಿಸಿದ ನೀರಿನಲ್ಲಿ ದಿನಕ್ಕೆ ಹತ್ತು ಲಕ್ಷ ಲೀಟರ್ ಸೋರಿಹೋದರೆ ಅದರ ಜೊತೆಗೆ ನಾನ್ನೂರೈವತ್ತು ಯೂನಿಟ್‌ನಷ್ಟು ವಿದ್ಯುತ್ತೂ, ಅದಕ್ಕೆ ಹಾಕಿದ ಆಲಮ್ಮೂ ಕ್ಲೋರಿನ್ನೂ, ಎಲ್ಲಕ್ಕೂ ತೆತ್ತ ಸಾರ್ವಜನಿಕ ಹಣವೂ ಮಣ್ಣುಪಾಲಾಗುತ್ತವೆ.

ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಮೈಸೂರು ಅರಸರ ಕಾಲದಲ್ಲಿ, 1907ರ ಹೊತ್ತಿಗೆ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ, ಅಂದರೆ 89 ವರ್ಷ, ಕಾಯಬೇಕಾಯಿತು. 2025ರ ಜನವರಿಯಲ್ಲಿ ಅದು ಮತ್ತೊಮ್ಮೆ ತುಂಬಿ ಹರಿದಾಗ ಜಿಲ್ಲೆಯ ಜನ ಪಟ್ಟ ಸಂತೋಷ ನ್ಯಾಯವಾದದ್ದೇ. ನನ್ನ ಅಭಿಪ್ರಾಯದಲ್ಲಿ ಜಲಾಶಯ ತುಂಬಿರುವ ವರ್ಷಗಳೇ ಇಂಥ ನಿಯಮವನ್ನು ತರಲು ಸರಿಯಾದ ಕಾಲ. ಬರ ಬಂದಾಗ ಟ್ಯಾಂಕರ್ ಗೊತ್ತುಮಾಡುವುದು, ಹೊಸ ಕೊಳವೆಬಾವಿ ಕೊರೆಸುವುದು, ಸರದಿ ಬದಲಿಸುವುದು ಇವುಗಳಲ್ಲೇ ಆಡಳಿತದ ದಿನ ಕಳೆಯುತ್ತದೆ; ಕೊಳವೆಜಾಲವನ್ನು ವಿಭಾಗ ಮಾಡಿ ಅಳೆಯುವ ಪುರುಸೊತ್ತು ಆಗ ಯಾರಿಗೂ ಇರುವುದಿಲ್ಲ. ಮಳೆ ಬಂದೊಡನೆ ಆ ತುರ್ತು ಮರೆಯಾಗುತ್ತದೆ. ಜಿಲ್ಲೆಯ ವಾರ್ಷಿಕ ಮಳೆ ಆರುನೂರು ಮಿಲಿಮೀಟರ್ ಆಸುಪಾಸಿನದು, ಚಳ್ಳಕೆರೆ ಕಡೆಗೆ ಹೋದಂತೆ ಇನ್ನೂ ಕಡಿಮೆ; ಹೀಗಿರುವಲ್ಲಿ ಮುಂದಿನ ಬರ ಬಂದೇ ಬರುತ್ತದೆ ಎಂದುಕೊಂಡೇ ಯೋಜಿಸಬೇಕು. ಮಳೆಯನ್ನೇ ನಂಬಿದ್ದ ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡದಿಂದ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ ಮತ್ತು ಸಂತೆ ಹೊಂಡಗಳಿಗೆ ನೀರು ಇಳಿಯುವಂತೆ ಕಟ್ಟಿದವರು ಮೇಲಿನ ಹೊಂಡದ ಕೋಡಿಯನ್ನೇ ಕೆಳಗಿನ ಹೊಂಡದ ಆದಾಯವಾಗಿ ಕಂಡಿದ್ದರು. ಪ್ರತಿ ಹಂತದಲ್ಲೂ ನೀರು ಎಲ್ಲಿಗೆ ಹೋಗುತ್ತದೆಂದು ತಿಳಿದು ಕಟ್ಟಿದ ಆ ವ್ಯವಸ್ಥೆಯ ನೆರಳಲ್ಲೇ ಬದುಕುತ್ತಿರುವ ನಮಗೆ ಹಂತಹಂತದ ಲೆಕ್ಕ ಕೇಳುವುದು ಅತಿಯಾದ ಆಸೆಯಾಗಿ ತೋರಬಾರದು.

ನೀರು ಎಲ್ಲಿ ಕಳೆದುಹೋಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಯಮ ಹಿಡಿಯಬೇಕಾದದ್ದು ಅಲ್ಲಿಯೇ. ಮೂಲದಿಂದ ಶುದ್ಧೀಕರಣ ಘಟಕಕ್ಕೆ ಬರುವ ಉದ್ದನೆಯ ಏರುಕೊಳವೆಯ ಮೇಲೆ ಅಲ್ಲಲ್ಲಿ ಗಾಳಿ ಹೊರಹೋಗಲು ಇಟ್ಟ ಏರ್ ವಾಲ್ವ್‌ಗಳಿರುತ್ತವೆ. ಅವು ಸವೆದರೆ ಹಗಲು ರಾತ್ರಿ ಚಿಮ್ಮುತ್ತಿರುತ್ತವೆ. ಶುದ್ಧೀಕರಣ ಘಟಕದಲ್ಲಿ ಮರಳಿನ ಶೋಧಕಗಳನ್ನು ಹಿಮ್ಮುಖವಾಗಿ ತೊಳೆಯಲು ಬಳಸುವ ನೀರನ್ನು ತಿಳಿಯಾಗಲು ಬಿಟ್ಟು ಮತ್ತೆ ಒಳಕ್ಕೆ ಪಂಪು ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಅದಷ್ಟೂ ಮೋರಿಗೆ ಹೋಗುತ್ತದೆ. ಮಟ್ಟವನ್ನು ತಿಳಿಸುವ ಸೆನ್ಸರ್ ಇಲ್ಲದ ಓವರ್‌ಹೆಡ್ ಟ್ಯಾಂಕು ರಾತ್ರಿ ತುಂಬಿ ಹರಿದರೆ ಬೆಳಗಿನ ಹೊತ್ತಿಗೆ ನೆಲ ಒದ್ದೆಯಾಗಿರುವುದಷ್ಟೇ ಅದರ ದಾಖಲೆ. ಇವೆಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಬೀದಿಯ ಕೊಳವೆಯಿಂದ ಮನೆಗೆ ತಿರುಗುವ ಸಣ್ಣ ಸಂಪರ್ಕ. ಫೆರೂಲ್ (ಬೀದಿಯ ಕೊಳವೆಗೆ ಮನೆಯ ಪೈಪನ್ನು ಸೇರಿಸುವ ತುಂಡು) ಕೂರಿಸಿದ ಜಾಗ, ಅಲ್ಲಿಂದ ಮನೆಯ ಗೇಟಿನವರೆಗಿನ ಅರ್ಧ ಇಂಚಿನ ಪೈಪು, ರಸ್ತೆ ಅಗೆದಾಗೆಲ್ಲ ಪೆಟ್ಟು ತಿಂದು ರಬ್ಬರ್ ಸುತ್ತಿಸಿಕೊಂಡ ಜೋಡಣೆಗಳು: ಸೋರಿಕೆಗಳ ಸಂಖ್ಯೆಯಲ್ಲಿ ದೊಡ್ಡ ಪಾಲು ಇಲ್ಲಿಯದೇ ಎಂಬುದು ನೀರು ಸರಬರಾಜಿನ ಎಂಜಿನಿಯರುಗಳು ಎಲ್ಲ ಕಡೆ ಕಂಡುಕೊಂಡಿರುವ ಸಂಗತಿ.

ದೊಡ್ಡ ಕೊಳವೆ ಒಡೆದರೆ ರಸ್ತೆ ತುಂಬ ನೀರು ನಿಲ್ಲುತ್ತದೆ, ಜನ ಕೂಗುತ್ತಾರೆ, ಒಂದೆರಡು ದಿನಗಳಲ್ಲಿ ರಿಪೇರಿ ಆಗುತ್ತದೆ. ನೆಲದಡಿಯ ಸಣ್ಣ ಸೋರಿಕೆ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಹರಿಯುತ್ತದೆ. ನಿಮಿಷಕ್ಕೆ ಒಂದೇ ಲೀಟರ್ ಸೋರುವ ಒಂದು ಜೋಡಣೆ ಸದಾ ನೀರಿರುವ ಕೊಳವೆಯಲ್ಲಿ ದಿನಕ್ಕೆ 1,440 ಲೀಟರ್ ಕಳೆಯುತ್ತದೆ. ನಗರಗಳಿಗೆ ಹೇಳಿರುವ ತಲಾ 135 ಲೀಟರ್ ಲೆಕ್ಕದಲ್ಲಿ ಅದು ಹತ್ತು ಜನರ ಒಂದು ದಿನದ ಪಾಲನ್ನು ಮೀರುತ್ತದೆ. ಅಂಥ ನೂರು ಜೋಡಣೆಗಳಿದ್ದರೆ ಸಾವಿರಕ್ಕೂ ಹೆಚ್ಚು ಜನರ ನೀರು ಹೋದಂತೆ. ಅದನ್ನು ಪತ್ತೆಹಚ್ಚಲು ಅದೃಷ್ಟ ಬೇಕಿಲ್ಲ, ವಿಧಾನ ಬೇಕು. ಊರನ್ನು ಕೆಲವು ನೂರರಿಂದ ಎರಡು ಮೂರು ಸಾವಿರ ಸಂಪರ್ಕಗಳ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೆ ನೀರು ಹೊಗುವ ಬಾಗಿಲಲ್ಲಿ ಒಂದು ಮೀಟರ್ ಇಟ್ಟು, ಎಲ್ಲರೂ ಮಲಗಿರುವ ನಡುರಾತ್ರಿ ಎರಡರಿಂದ ನಾಲ್ಕರ ನಡುವೆ ಎಷ್ಟು ನೀರು ಒಳಹೋಗುತ್ತಿದೆ ಎಂದು ನೋಡಿದರೆ, ಆ ಹೊತ್ತಿನ ಹರಿವಿನ ಬಹುಪಾಲು ಸೋರಿಕೆಯೇ ಆಗಿರುತ್ತದೆ. ನೀರು ಸದಾ ಹರಿಯದ ಊರುಗಳಲ್ಲಿ ಇದೇ ಪರೀಕ್ಷೆಯನ್ನು ಒಂದು ರಾತ್ರಿ ವಲಯಕ್ಕೆ ಒತ್ತಡ ಕೊಟ್ಟು, ಮನೆಗಳ ಸಂಪರ್ಕವನ್ನು ಹೊರಗಿನಿಂದ ಮುಚ್ಚಿ ಮಾಡಬಹುದು. ಕಷ್ಟ ಹೆಚ್ಚು, ಆದರೆ ಅಸಾಧ್ಯವಲ್ಲ.

ಇಲ್ಲಿ ಒಂದು ಭ್ರಮೆಯ ಬಗ್ಗೆ ಎಚ್ಚರ ಬೇಕು. ಕೆಲವು ದಿನಗಳಿಗೊಮ್ಮೆ, ಕೆಲವು ತಾಸು ಮಾತ್ರ ನೀರು ಬಿಡುವ ಊರಿನಲ್ಲಿ ಸೋರಿಕೆಯೂ ಅಷ್ಟೇ ತಾಸು ನಡೆಯುವುದರಿಂದ ಅದು ಕಡಿಮೆಯಿರುವಂತೆ ಕಾಣುತ್ತದೆ. ಹಾಗೆಂದು ಸರದಿ ಪದ್ಧತಿಯೇ ಉಳಿತಾಯವೆಂದು ತಿಳಿಯಬಾರದು. ಮುಂದಿನ ಸರದಿ ಯಾವಾಗ ಎಂದು ಖಚಿತವಿಲ್ಲದ ಮನೆಯವರು ಡ್ರಮ್ಮು, ಸಂಪು, ಬಿಂದಿಗೆ ಎಲ್ಲವನ್ನೂ ತುಂಬಿಟ್ಟುಕೊಳ್ಳುತ್ತಾರೆ. ಹೊಸ ನೀರು ಬಂದಾಗ ಹಳೆಯದನ್ನು ಚೆಲ್ಲಿ ಹೊಸದನ್ನು ಹಿಡಿಯುತ್ತಾರೆ. ಇದು ಅವರ ದುರಭ್ಯಾಸವೆಂದು ನಾನು ಒಪ್ಪುವುದಿಲ್ಲ. ಅನಿಶ್ಚಿತತೆ ಕಲಿಸಿದ ರೂಢಿ ಅದು.

ಸೋರುವ ಕೊಳವೆ ಆರೋಗ್ಯದ ಪ್ರಶ್ನೆಯೂ ಹೌದು. ಒತ್ತಡವಿದ್ದಾಗ ನೀರು ಹೊರಬರುವ ರಂಧ್ರದಿಂದಲೇ, ಒತ್ತಡ ಇಳಿದಾಗ ಸುತ್ತಲಿನ ಕೊಳಚೆ ಒಳಗೆ ಹೋಗುತ್ತದೆ. 2023ರ ಆಗಸ್ಟ್‌ನ ಮೊದಲ ವಾರದಲ್ಲಿ ನಮ್ಮ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, ಜೀವಗಳೂ ಹೋದವು. ಆ ಘಟನೆಯ ಹೊಣೆ ಯಾರದೆಂದು ತೀರ್ಪು ಕೊಡುವುದು ಈ ಪತ್ರದ ಕೆಲಸವಲ್ಲ. ಆದರೆ ಕೊಳವೆಯ ಪ್ರತಿಯೊಂದು ಸೋರಿಕೆಯೂ ಕಲ್ಮಶಕ್ಕೆ ತೆರೆದ ದಾರಿ ಎಂಬುದನ್ನು ತಿಳಿದ ಮೇಲೆ, ಸೋರಿಕೆ ಪತ್ತೆಯನ್ನು ಹಣವಿದ್ದರೆ ಮಾಡೋಣ ಎಂದು ಮುಂದಕ್ಕೆ ಹಾಕುವ ಸ್ವಾತಂತ್ರ್ಯ ಯಾವ ಸಂಸ್ಥೆಗೂ ಇರಬಾರದು.

ಮಾನದಂಡಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಒಳಚರಂಡಿ ಇರುವ ನಗರಗಳಿಗೆ ತಲಾ ದಿನಕ್ಕೆ 135 ಲೀಟರ್ ಎಂದು ಹೇಳುವ ಕೇಂದ್ರದ ಕೈಪಿಡಿಯೇ ಲೆಕ್ಕಕ್ಕೆ ಸಿಗದ ನೀರು ಶೇ 15ರೊಳಗೆ ಇರಬೇಕೆಂದು ಹೇಳುತ್ತದೆ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಪ್ರಕಟಿಸಿದ ಸೇವಾ ಮಟ್ಟದ ಮಾನದಂಡಗಳಲ್ಲಿ ಕಂದಾಯ ತರದ ನೀರಿಗೆ ಶೇ 20ರ ಮಿತಿಯಿದೆ, ಮೀಟರ್ ಅಳವಡಿಕೆಗೆ ಶೇ 100ರ ಗುರಿಯಿದೆ. 2021ರ ಅಕ್ಟೋಬರ್‌ನಲ್ಲಿ ಆರಂಭವಾದ, ನಗರಗಳ ನೀರು ಸರಬರಾಜಿಗೆ ನೆರವಾಗುವ ಕೇಂದ್ರದ ಅಮೃತ್ 2.0 ಯೋಜನೆ ಅದೇ ಶೇ 20ನ್ನು ಮತ್ತೆ ಹೇಳಿ, ನಗರದ ಒಟ್ಟು ಬೇಡಿಕೆಯ ಶೇ 20ರಷ್ಟನ್ನು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಪೂರೈಸಬೇಕೆಂಬ ಗುರಿಯನ್ನೂ ಸೇರಿಸಿತು. ಕೇಂದ್ರ ಅಂತರ್ಜಲ ಪ್ರಾಧಿಕಾರ 2020ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೆಲದಡಿಯಿಂದ ಎತ್ತಿದ ಕುಡಿಯುವ ನೀರು ಪೋಲಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಜಲಮಂಡಳಿ, ಪಾಲಿಕೆ, ಪಂಚಾಯಿತಿಗಳಂಥ ಪೂರೈಕೆ ಸಂಸ್ಥೆಗಳ ಮೇಲೆಯೇ ಹೊರಿಸಿತು. ಅಂತರ್ಜಲದ ಅತಿ ಬಳಕೆ ಹಲವು ತಾಲ್ಲೂಕುಗಳಲ್ಲಿ ದಾಖಲಾಗಿರುವ ನಮ್ಮ ಜಿಲ್ಲೆಗೆ ಈ ಆದೇಶ ನೇರವಾಗಿ ತಗಲುತ್ತದೆ. ಆದರೂ ಮಾನದಂಡ ಗುರಿಯಾಗಿಯೇ ಉಳಿದರೆ, ತಲುಪದಿದ್ದಾಗ ಯಾರೂ ಯಾರಿಗೂ ಉತ್ತರ ಹೇಳಬೇಕಾಗುವುದಿಲ್ಲ. ಗುರಿಯನ್ನು ಕಡ್ಡಾಯವಾಗಿಸುವ ದಿನಾಂಕ, ಲೆಕ್ಕ, ಪರಿಶೀಲನೆ ಇವು ಮೂರನ್ನೂ ಒಂದೇ ನಿಯಮದಲ್ಲಿ ಕಟ್ಟಬೇಕು.

ಹೀಗೆ ಕಟ್ಟಿದ ಕಡೆಗಳುಂಟು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1983ರ ಕಾನೂನಿನಂತೆ ಮೂರು ಸಾವಿರಕ್ಕಿಂತ ಹೆಚ್ಚು ಸಂಪರ್ಕಗಳಿರುವ ನಗರ ನೀರು ಪೂರೈಕೆದಾರರು ಐದು ವರ್ಷಕ್ಕೊಮ್ಮೆ ನೀರಿನ ನಿರ್ವಹಣಾ ಯೋಜನೆಯನ್ನು ರಾಜ್ಯಕ್ಕೆ ಸಲ್ಲಿಸಲೇಬೇಕು. 2015ರ ಇನ್ನೊಂದು ಕಾನೂನು ಸೋರಿಕೆಯ ಲೆಕ್ಕಪರಿಶೋಧನೆಯನ್ನು ಪ್ರತಿವರ್ಷ ಕಡ್ಡಾಯ ಮಾಡಿತು. 2018ರಲ್ಲಿ ಮಾಡಿದ ಕಾನೂನುಗಳ ಆಧಾರದ ಮೇಲೆ 2025ರ ಜನವರಿಯಿಂದ ಅಲ್ಲಿ ಜಾರಿಗೆ ಬಂದಿರುವ ನಿಯಮ ಪ್ರತಿ ಪೂರೈಕೆದಾರನಿಗೂ ಒಟ್ಟು ಬಳಕೆಯ ಮಿತಿಯೊಂದನ್ನು ಲೆಕ್ಕಹಾಕಿ ಕೊಡುತ್ತದೆ. ಟೆಕ್ಸಾಸ್‌ನಲ್ಲಿ 3,300ಕ್ಕಿಂತ ಹೆಚ್ಚು ಸಂಪರ್ಕಗಳಿರುವ ಸಂಸ್ಥೆ ವರ್ಷಕ್ಕೊಮ್ಮೆ ನೀರಿನ ನಷ್ಟದ ಲೆಕ್ಕ ಒಪ್ಪಿಸಬೇಕು. ಇಂಗ್ಲೆಂಡಿನಲ್ಲಿ ನಿಯಂತ್ರಣ ಸಂಸ್ಥೆ ಕಂಪನಿಗಳಿಗೆ ಸೋರಿಕೆಯ ಗುರಿ ಹಾಕುತ್ತದೆ, ಗುರಿ ತಪ್ಪಿದರೆ ಗ್ರಾಹಕರ ಬಿಲ್ಲಿನ ಮೂಲಕ ಹಣ ಹಿಂತಿರುಗಿಸಬೇಕಾಗುತ್ತದೆ. ಆ ದೇಶಗಳ ಬದುಕಿನ ಅಳತೆಯನ್ನು ನಮ್ಮ ಮೇಲೆ ಹೇರಬೇಕೆಂದು ನಾನು ಕೇಳುತ್ತಿಲ್ಲ. ಕ್ಯಾಲಿಫೋರ್ನಿಯಾ 2030ಕ್ಕೆ ಇಟ್ಟುಕೊಂಡಿರುವ ಮನೆಯೊಳಗಿನ ಬಳಕೆಯ ಮಿತಿಯೇ ತಲಾ ಸುಮಾರು 159 ಲೀಟರ್, ಅಂದರೆ ನಮ್ಮ ಇಡೀ ಮಾನದಂಡಕ್ಕಿಂತ ಹೆಚ್ಚು. ಹೀಗಿರುವಾಗ ನಮ್ಮ ಬಡಾವಣೆಗಳ ಮನೆಮಂದಿಯ ಬಿಂದಿಗೆಯಿಂದ ಇನ್ನಷ್ಟು ಕಡಿತ ಮಾಡುವುದರಲ್ಲಿ ಅರ್ಥವಿಲ್ಲ. ಅವರಿಂದ ನಾವು ಕಲಿಯಬೇಕಾದದ್ದು ಹೊಣೆಯನ್ನು ಪೂರೈಕೆದಾರನ ಮೇಲೆ ಹೊರಿಸುವ ಕ್ರಮವನ್ನು ಮಾತ್ರ.

ನಮ್ಮ ರಾಜ್ಯದಲ್ಲೂ ಅನುಭವವಿದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಲಯಗಳಲ್ಲಿ 2008ರ ಸುಮಾರಿಗೆ ದಿನದ 24 ತಾಸೂ ನೀರು ಹರಿಯಿತು. ಹಳೆಯ ಮನೆ ಸಂಪರ್ಕಗಳನ್ನು ತೇಪೆ ಹಚ್ಚದೆ ಪೂರ್ತಿ ಬದಲಿಸಿ, ಪ್ರತಿ ಮನೆಗೂ ಮೀಟರ್ ಇಟ್ಟದ್ದು ಅಲ್ಲಿಯ ಮುಖ್ಯ ಪಾಠ. ರಾಜನಹಳ್ಳಿ ಬಳಿ ತುಂಗಭದ್ರೆಯಿಂದ ಎತ್ತಿದ ನೀರನ್ನೂ, ಭದ್ರಾ ನಾಲೆಯಿಂದ ತುಂಬಿಸುವ ಕುಂದವಾಡ ಮತ್ತು ಟಿ.ವಿ. ಸ್ಟೇಷನ್ ಕೆರೆಗಳನ್ನೂ ನಂಬಿರುವ ದಾವಣಗೆರೆಯಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಜಲಸಿರಿ ಯೋಜನೆ ಅದೇ ದಾರಿಯಲ್ಲಿದೆ. ಯೋಜನೆಯ ಕಾಲದಲ್ಲಿ ಅಳತೆ ನಡೆಯುತ್ತದೆ, ಏಕೆಂದರೆ ಸಾಲ ಕೊಟ್ಟವರು ಕೇಳುತ್ತಾರೆ. ಗುತ್ತಿಗೆ ಮುಗಿದ ಮೇಲೆಯೂ ಅಳತೆ ಮುಂದುವರಿಯಬೇಕಾದರೆ ಕೇಳುವ ಹಕ್ಕು ಊರಿನ ಜನರಿಗೆ ಇರಬೇಕು, ಹೇಳುವ ಕಡ್ಡಾಯ ಸಂಸ್ಥೆಗೆ ಇರಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ ಐದು ಸಾವಿರ ರೂಪಾಯಿ ದಂಡ ವಿಧಿಸುವ ಆದೇಶ ಬಂದಿತು. ನಾಗರಿಕನಿಗೆ ದಂಡ ಹಾಕುವಷ್ಟು ಗಟ್ಟಿಯಾದ ಭಾಷೆ ಸಾಧ್ಯವಿರುವಾಗ, ಪೂರೈಕೆದಾರನ ಹೊಣೆಯನ್ನೂ ಅಷ್ಟೇ ಗಟ್ಟಿಯಾಗಿ ಬರೆಯುವುದು ಸಾಧ್ಯವಾಗಬೇಕು.

ಚಿತ್ರದುರ್ಗಕ್ಕೆ ವಿಶೇಷವಾದ ಒಂದು ಸಂಗತಿಯನ್ನು ನಿಯಮದಲ್ಲಿ ಮರೆಯಬಾರದು. ನಮ್ಮ ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ನ್ನು ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಆದ್ದರಿಂದಲೇ ಊರೂರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ನಿಂತಿವೆ. ಆರ್‌ಒ ಪದ್ಧತಿಯ ಇಂಥ ಘಟಕದಲ್ಲಿ ಒಳಹೋದ ನೀರಿನ ದೊಡ್ಡ ಪಾಲು, ಹಲವು ಕಡೆ ಅರ್ಧಕ್ಕೂ ಹೆಚ್ಚು, ತಿರಸ್ಕೃತ ನೀರಾಗಿ ಹೊರಬರುತ್ತದೆ. ಅದರಲ್ಲಿ ಫ್ಲೋರೈಡ್ ಮೊದಲಿಗಿಂತ ಸಾಂದ್ರವಾಗಿರುವುದರಿಂದ ಅದನ್ನು ಇಂಗುಗುಂಡಿಗೆ ಬಿಟ್ಟು ಜಲಮರುಪೂರಣವೆಂದು ಕರೆಯುವುದು ಅದೇ ಕೊಳವೆಬಾವಿಗೆ ವಿಷವನ್ನು ಮರಳಿಸಿದಂತೆ. ಶಾಲೆ, ಬಸ್ ನಿಲ್ದಾಣ, ಸಮುದಾಯ ಶೌಚಾಲಯಗಳ ಫ್ಲಷ್‌ಗೆ, ನೆಲ ತೊಳೆಯಲು ಅದನ್ನು ಕೊಳವೆಯಲ್ಲಿ ಒಯ್ಯುವುದು ಸಾಧ್ಯ. ಪ್ರತಿ ಘಟಕವೂ ಒಳಬಂದ ನೀರು, ಹಂಚಿದ ನೀರು, ತಿರಸ್ಕೃತ ನೀರು ಮತ್ತು ಅದು ಹೋದ ಜಾಗವನ್ನು ಫಲಕದಲ್ಲಿ ಬರೆಯಬೇಕೆಂಬ ಒಂದೇ ಸಾಲು ನಿಯಮದಲ್ಲಿ ಬಂದರೆ ಸಾಕು, ಬಹಳಷ್ಟು ನೀರು ಉಳಿಯುತ್ತದೆ.

ಹಾಗಾದರೆ ನಾನು ಕೇಳುವ ನಿಯಮ ಯಾವುದು? ನ್ಯಾಯಬೆಲೆ ಅಂಗಡಿಯವನು ಬಂದ ಮೂಟೆ, ಹಂಚಿದ ಕಿಲೋ, ಉಳಿದ ದಾಸ್ತಾನು ಇವುಗಳ ಪುಸ್ತಕ ಇಡಬೇಕಾಗಿರುವಂತೆ, ಪ್ರತಿ ಸಂಸ್ಥೆಯೂ ಮೂಲದಲ್ಲಿ ಎತ್ತಿದ ನೀರಿನಿಂದ ಹಿಡಿದು ಶುದ್ಧೀಕರಣ ಘಟಕದಿಂದ ಹೊರಟದ್ದು, ಟ್ಯಾಂಕುಗಳಿಗೆ ಏರಿದ್ದು, ವಲಯಗಳಿಗೆ ಇಳಿದದ್ದು, ಮನೆಗಳಲ್ಲಿ ಮೀಟರಿಗೆ ಸಿಕ್ಕದ್ದು ಎಲ್ಲವನ್ನೂ ಅಳೆದು ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ನೀರಿನ ಆಯವ್ಯಯವನ್ನು ಪ್ರಕಟಿಸಬೇಕು. ಅದರಲ್ಲಿ ಕೊಳವೆಯಿಂದ ಸೋರಿದ ನೀರು, ಮೀಟರ್ ಕೆಟ್ಟದ್ದರಿಂದ ಲೆಕ್ಕ ತಪ್ಪಿದ ನೀರು, ಅನಧಿಕೃತ ಸಂಪರ್ಕದ ನೀರು, ಮತ್ತು ಸಾರ್ವಜನಿಕ ನಲ್ಲಿಗಳಲ್ಲಿ ಬಿಲ್ಲಿಲ್ಲದೆ ಕೊಟ್ಟ ನೀರು ಇವನ್ನು ಬೇರೆಬೇರೆಯಾಗಿಯೇ ತೋರಿಸಬೇಕು. ಈ ಬೇರ್ಪಡಿಕೆಗೆ ನಾನು ಹೆಚ್ಚು ಒತ್ತು ಕೊಡುತ್ತೇನೆ. ಬೀದಿ ನಲ್ಲಿಯಲ್ಲಿ ಬಿಂದಿಗೆ ಹಿಡಿಯುವ ಹೆಣ್ಣುಮಗಳು ಕುಡಿದ ನೀರು ಕಂದಾಯ ತಂದಿಲ್ಲವಾದರೂ ಅದು ನಷ್ಟವಲ್ಲ. ಅದನ್ನು ಸೋರಿಕೆಯ ಜೊತೆ ಒಂದೇ ಅಂಕಿಯಲ್ಲಿ ಹಾಕಿದರೆ, ಗುರಿ ತಲುಪುವ ಸುಲಭದ ದಾರಿ ಬೀದಿ ನಲ್ಲಿಯನ್ನು ಕೀಳುವುದೇ ಆಗಿಬಿಡುತ್ತದೆ. ಹಾಗೆ ಆಗದಂತೆ ನಿಯಮವೇ ತಡೆಯಬೇಕು, ಮನೆಬಳಕೆಯ ಮೊದಲ ಹಂತದ ದರ ಎಲ್ಲರ ಕೈಗೆಟುಕುವಂತೆ ಇರಬೇಕೆಂಬುದನ್ನೂ ಹೇಳಬೇಕು.

ಆಯವ್ಯಯವನ್ನು ಸಂಸ್ಥೆಯ ಹೊರಗಿನ ಅರ್ಹರು ಪರಿಶೀಲಿಸಿ ಸಹಿ ಮಾಡಬೇಕು, ಕೌನ್ಸಿಲ್ ಸಭೆಯಲ್ಲಿ ಅದು ಹಣಕಾಸಿನ ಬಜೆಟ್ಟಿನಷ್ಟೇ ಚರ್ಚೆಯಾಗಬೇಕು, ವಾರ್ಡುವಾರು ಅಂಕಿಗಳು ಕನ್ನಡದಲ್ಲಿ ಸಿಗಬೇಕು. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಪ್ರಕರಣ ಕೇಳದೆಯೇ ಪ್ರಕಟಿಸಬೇಕಾದ ಮಾಹಿತಿಯ ಬಗ್ಗೆ ಈಗಾಗಲೇ ಹೇಳಿರುವುದರಿಂದ ಇದಕ್ಕೆ ಹೊಸ ಅಧಿಕಾರವನ್ನು ಹುಡುಕಬೇಕಾಗಿಲ್ಲ. ಸೋರಿಕೆಯ ಮಿತಿಯನ್ನು ಒಮ್ಮೆಲೇ ಶೇ 20 ಎಂದು ಇಡುವುದಕ್ಕಿಂತ, ಮೊದಲ ವರ್ಷ ಪ್ರಾಮಾಣಿಕವಾಗಿ ಅಳೆಯಲಿ, ಅಂಕಿ ಎಷ್ಟೇ ಕೆಟ್ಟದ್ದಿದ್ದರೂ ಆ ವರ್ಷ ಯಾರ ಮೇಲೂ ಕ್ರಮ ಬೇಡ. ಎರಡನೆಯ ವರ್ಷದಿಂದ ಆಯಾ ಊರಿನ ಸ್ಥಿತಿಗೆ ತಕ್ಕ ಇಳಿಕೆಯನ್ನು ಕಡ್ಡಾಯ ಮಾಡಿ, ಅದನ್ನು ಅನುದಾನಕ್ಕೆ ಜೋಡಿಸಿ. ಅಳತೆಗೇ ಶಿಕ್ಷೆ ಸಿಗುವುದಾದರೆ ಯಾರೂ ಸರಿಯಾಗಿ ಅಳೆಯುವುದಿಲ್ಲ. ಮೊಳಕಾಲ್ಮುರು, ಹೊಳಲ್ಕೆರೆಗಳಂಥ ಸಣ್ಣ ಪಟ್ಟಣಗಳಿಗೆ ಸರಳವಾದ ನಮೂನೆ ಸಾಕು. ಕಟ್ಟಡ ಕಾಮಗಾರಿ, ಉದ್ಯಾನ, ರಸ್ತೆ ವಿಭಜಕಗಳ ಗಿಡಗಳಿಗೆ ಸಂಸ್ಕರಿಸಿದ ನೀರನ್ನೇ ಕೊಡಬೇಕೆಂಬ ಷರತ್ತು ಮತ್ತು ಸಂಸ್ಥೆಯ ಸ್ವಂತ ಕಟ್ಟಡಗಳಲ್ಲಿ ಮೀಟರೂ ಮಳೆನೀರು ಸಂಗ್ರಹವೂ ಇರಬೇಕೆಂಬುದು ಇದರೊಳಗೇ ಬರಲಿ.

ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುವುದು ಸಹಜ. 15ನೇ ಹಣಕಾಸು ಆಯೋಗ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಕೊಟ್ಟ ಅನುದಾನದ ಒಂದು ಭಾಗವನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೇ ಕಟ್ಟಿಹಾಕಿತ್ತು. ಮುಂದಿನ ಅನುದಾನಗಳಲ್ಲೂ ಅಂಥ ಪಾಲಿನ ಮೊದಲ ಖರ್ಚು ಅಳತೆಯ ಮೀಟರುಗಳಿಗೆ ಹೋಗಲಿ ಎಂದು ಇಲಾಖೆ ಸೂಚಿಸಬಹುದು. ಹೊಸ ಮೂಲದಿಂದ ಹೊಸ ಕೊಳವೆ ಎಳೆಯುವ ಕಾಮಗಾರಿಗೆ ಮಂಜೂರಾತಿ ಕೊಡುವ ಮೊದಲು, ಈಗಿನ ಕೊಳವೆಯಲ್ಲಿ ಕಳೆಯುತ್ತಿರುವ ನೀರನ್ನು ಹಿಡಿದರೆ ಎಷ್ಟು ಸಿಗುತ್ತದೆಂಬ ಲೆಕ್ಕವನ್ನು ಕಡತದಲ್ಲಿ ಕಡ್ಡಾಯವಾಗಿ ಸೇರಿಸಿರಿ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಬರುತ್ತದೆಂಬ ನಿರೀಕ್ಷೆ ನಮ್ಮ ಜಿಲ್ಲೆಯಲ್ಲಿ ದೀರ್ಘಕಾಲದಿಂದ ಇದೆ, ಅದು ಬೇಗ ಬರಲಿ ಎಂಬುದು ನನ್ನದೂ ಆಸೆ; ಆದರೆ ಅದು ಬಂದು ಹರಿಯಬೇಕಾದದ್ದು ಸೋರದ ಕೊಳವೆಗಳಲ್ಲಿ.

ನೀರಿನ ಬಹುಪಾಲು ಕೃಷಿಗೇ ಹೋಗುತ್ತದೆ, ಊರಿನ ಸೋರಿಕೆ ಅದರ ಮುಂದೆ ಎಷ್ಟರದು ಎಂಬ ಮಾತೂ ಬರುತ್ತದೆ. ಪ್ರಮಾಣದಲ್ಲಿ ಅದು ನಿಜ, ಭತ್ತ ಮತ್ತು ಅಡಿಕೆಗೆ ನೀರು ಕೊಡುವ ಕ್ರಮವೂ ಬದಲಾಗಬೇಕು, ಅದು ಬೇರೆ ಚರ್ಚೆ. ಆದರೆ ಬೇಸಿಗೆಯ ಕೊನೆಯ ತಿಂಗಳುಗಳಲ್ಲಿ, ನದಿಯಲ್ಲಿ ಹರಿವು ನಿಂತು ಜಲಾಶಯದಿಂದ ಬಿಡುವ ನೀರೇ ಗತಿಯಾದಾಗ, ಎರಡು ವಾರದ ದಾಸ್ತಾನು ಮೂರು ವಾರ ಬರುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ನಗರದ ಕೊಳವೆಜಾಲದ ಸ್ಥಿತಿಯೇ.

ವಾಲ್ವ್ ತಿರುಗಿಸುವ, ಗುಂಡಿ ತೋಡಿ ಕೊಳವೆ ಜೋಡಿಸುವ, ರಾತ್ರಿ ಟ್ಯಾಂಕು ಕಾಯುವ ನೌಕರರ ಬಗ್ಗೆ ಒಂದು ಮಾತು. ಊರಿನ ಯಾವ ಬೀದಿಯಡಿ ಯಾವ ಕೊಳವೆ ಹೋಗಿದೆ, ಯಾವ ತಿರುವಿನಲ್ಲಿ ಪದೇ ಪದೇ ಒಡೆಯುತ್ತದೆ ಎಂಬುದು ನಕ್ಷೆಗಿಂತ ಹೆಚ್ಚಾಗಿ ಅವರ ನೆನಪಿನಲ್ಲಿದೆ. ಅವರು ನಿವೃತ್ತರಾದರೆ ಆ ತಿಳಿವಳಿಕೆಯೂ ಹೋಗುತ್ತದೆ. ನಿಯಮದ ಮೊದಲ ಆರು ತಿಂಗಳಲ್ಲಿ ಅವರನ್ನು ಕೂರಿಸಿಕೊಂಡು ಕೊಳವೆಗಳ ನಕ್ಷೆಯನ್ನು ಪೂರ್ಣಗೊಳಿಸಿ. ಸೋರಿಕೆ ಪತ್ತೆಯ ತರಬೇತಿಯನ್ನು ಗುತ್ತಿಗೆದಾರರಿಗಿಂತ ಮೊದಲು ಅವರಿಗೆ ಕೊಡಿ. ಹೊರಗುತ್ತಿಗೆಯಲ್ಲಿರುವವರಿಗೆ ಕೆಲಸದ ಭದ್ರತೆಯನ್ನೂ ಸಮಯಕ್ಕೆ ಸರಿಯಾದ ಸಂಬಳವನ್ನೂ ಖಚಿತಪಡಿಸಿ.

ಈ ಪತ್ರಕ್ಕೆ ನಾನು ನಿರೀಕ್ಷಿಸುವ ಉತ್ತರ ಎರಡು ವಿಷಯಗಳನ್ನು ಒಳಗೊಂಡಿರಬೇಕು. ಇಲಾಖೆ ಕರಡು ನಿಯಮವನ್ನು ಯಾವ ತಿಂಗಳೊಳಗೆ ಸಾರ್ವಜನಿಕರ ಆಕ್ಷೇಪಣೆಗಾಗಿ ಪ್ರಕಟಿಸುತ್ತದೆ ಎಂಬುದು ಒಂದು. ಆ ನಿಯಮ ಬರುವವರೆಗೆ ಕಾಯದೆ, ಎರಡೂ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳು ತಮ್ಮ ಮೂಲಗಳಲ್ಲಿ, ಶುದ್ಧೀಕರಣ ಘಟಕಗಳಲ್ಲಿ ಮತ್ತು ಟ್ಯಾಂಕುಗಳಲ್ಲಿ ಒಟ್ಟು ಹರಿವನ್ನು ಅಳೆಯುವ, ಸುಸ್ಥಿತಿಯಲ್ಲಿರುವ ಬಲ್ಕ್ ಮೀಟರುಗಳು ಎಷ್ಟು, ಕೆಟ್ಟವು ಎಷ್ಟು ಎಂಬ ಪಟ್ಟಿಯನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸುತ್ತವೆಯೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಸರ್ಕಾರದ ಆದೇಶವೂ ಬೇಕಿಲ್ಲ, ಹೊಸ ಹಣವೂ ಬೇಕಿಲ್ಲ. ಒಬ್ಬ ಎಂಜಿನಿಯರ್ ಮತ್ತು ಒಂದು ವಾರದ ಕೆಲಸ ಸಾಕು.

ಇತಿ,
ಚಿತ್ರದುರ್ಗ ನಗರದ ನೀರಿನ ಬಳಕೆದಾರರಲ್ಲಿ ಒಬ್ಬರು